ಮನೆಯ ಕುಂಬಾರಿಕೆ ಕೋಣೆಯ ಧೂಳು: ಏರ್ ಪ್ಯೂರಿಫೈಯರ್ ಇಟ್ಟರೆ ಸಾಕಾ?

ಪ್ರಶ್ನೆ: ಎರಡು ವರ್ಷದಿಂದ ಮನೆಯ ಒಂದು ಕೋಣೆಯಲ್ಲಿ ಕುಂಬಾರಿಕೆ ಮಾಡುತ್ತಿದ್ದೇನೆ. ಒಂದು ವೀಲ್ (ಕುಂಬಾರರ ಚಕ್ರ), ಮಣ್ಣಿನ ಪಾತ್ರೆ ಸುಡಲು ಚಿಕ್ಕ ಎಲೆಕ್ಟ್ರಿಕ್ ಕಿಲ್ನ್ ಇದೆ. ಪಾತ್ರೆಗೆ ಗಾಜಿನಂಥ ಹೊಳಪು ಕೊಡುವ ಲೇಪ, ಅಂದರೆ ಗ್ಲೇಜ್, ನಾನೇ ಕಲಸುತ್ತೇನೆ. ದಿನಾ ಕೆಲಸ ಮುಗಿದ ಮೇಲೆ ಗುಡಿಸುತ್ತೇನೆ. ಆದರೂ ಮರುದಿನ ಎಲ್ಲದರ ಮೇಲೂ ತೆಳ್ಳಗೆ ಬಿಳಿ ಪುಡಿ ಕೂತಿರುತ್ತದೆ. ಈ ಧೂಳು ಶ್ವಾಸಕೋಶಕ್ಕೆ ಅಪಾಯ ಅಂತ ಈಚೆಗೆ ಓದಿದಾಗಿನಿಂದ ಭಯವಾಗಿದೆ. ಏರ್ ಪ್ಯೂರಿಫೈಯರ್ ತಂದಿಟ್ಟಿದ್ದೇನೆ, ಬಟ್ಟೆಯ ಮಾಸ್ಕ್ ಹಾಕುತ್ತೇನೆ. ಇಷ್ಟು ಸಾಕಾ? ನಾಲ್ಕು ವರ್ಷದ ಮಗ ಆಗಾಗ ಬಂದು ಪಕ್ಕದಲ್ಲೇ ಕೂರುತ್ತಾನೆ.

ಉತ್ತರ: ಸಾಕಾಗುವುದಿಲ್ಲ. ಹಾಗಂತ ಕೆಲಸ ನಿಲ್ಲಿಸಬೇಕಾಗಿಯೂ ಇಲ್ಲ. ತೊಂದರೆ ಎಲ್ಲಿದೆ ಅನ್ನುವುದು ನಿಮ್ಮ ಪ್ರಶ್ನೆಯಲ್ಲೇ ಇದೆ. ಅದು ಪೊರಕೆ. ನೀವು ಗುಡಿಸುತ್ತೀರಿ, ಮರುದಿನ ಮತ್ತೆ ಪುಡಿ ಕೂತಿರುತ್ತದೆ. ಆ ಪುಡಿ ಹೊರಗಿನಿಂದ ಬಂದದ್ದಲ್ಲ. ನೆಲದ ಮೇಲೆ ಸುಮ್ನೆ ಬಿದ್ದಿದ್ದನ್ನು ಪೊರಕೆ ಮೇಲಕ್ಕೆ ಎಬ್ಬಿಸಿತು. ಅದು ರಾತ್ರಿಯೆಲ್ಲಾ ತೇಲುತ್ತಾ ಇಳಿದು ಕೂತಿತು. ಆ ಹೊತ್ತಿನಲ್ಲಿ ಕೋಣೆಯೊಳಗೆ ಇದ್ದವರು ಅದನ್ನು ಉಸಿರಾಡಿದರು.

ಹಾಗಾಗಿ ನನ್ನ ಉತ್ತರದ ತಿರುಳು ಇಷ್ಟೇ: ಗಾಳಿಗೆ ಎದ್ದ ಧೂಳನ್ನು ಹಿಡಿಯಲು ಹೋಗಬೇಡಿ, ಅದು ಏಳದಂತೆ ನೋಡಿಕೊಳ್ಳಿ. ಒದ್ದೆ ಮಣ್ಣು ಏಳುವುದಿಲ್ಲ. ಒಣಗಿದ ಮಣ್ಣು ಏಳುತ್ತದೆ. ಒಣಗುವ ಮೊದಲೇ ಒರೆಸಿಬಿಟ್ಟರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಮೊದಲು ಏನಕ್ಕೆ ಹೆದರಬೇಕು, ಏನಕ್ಕೆ ಬೇಡ ಅಂತ ನೋಡೋಣ. ನಾವು ಬಳಸುವ ಮಣ್ಣಿನಲ್ಲಿ ಬೆಣಚುಕಲ್ಲಿನ ತೀರಾ ಸಣ್ಣ ಹರಳುಗಳು ಸೇರಿಕೊಂಡಿರುತ್ತವೆ. ಇದನ್ನೇ ಹರಳು ರೂಪದ ಸಿಲಿಕಾ ಅನ್ನುವುದು. ಗ್ಲೇಜ್‌ಗೆ ಹಾಕುವ ಸಿಲಿಕಾ ಪುಡಿ ಅಥವಾ ಫ್ಲಿಂಟ್ ಅಂತೂ ಹೆಚ್ಚುಕಡಿಮೆ ಪೂರ್ತಿ ಅದೇ. ಗ್ಲೇಜ್‌ಗೆ ಹಾಕುವ ಇನ್ನೊಂದು ಖನಿಜ, ಫೆಲ್ಡ್‌ಸ್ಪಾರ್ ಪುಡಿಯಲ್ಲೂ ಸ್ವಲ್ಪ ಇರುತ್ತದೆ. ಒದ್ದೆಯಾಗಿ ಕೈಯಲ್ಲಿ ಇರುವಾಗ ಇದರಿಂದ ಏನೂ ಆಗುವುದಿಲ್ಲ. ಉಸಿರಿನ ಜೊತೆ ಒಳಗೆ ಹೋದಾಗ ಮಾತ್ರ ತೊಂದರೆ.

ಅದರಲ್ಲೂ ಎಲ್ಲಾ ಕಣಗಳೂ ಒಂದೇ ಅಲ್ಲ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್. 10 ಮೈಕ್ರಾನ್‌ಗಿಂತ ದೊಡ್ಡ ಕಣಗಳು ಬಹುತೇಕ ಮೂಗು, ಗಂಟಲಿನಲ್ಲೇ ಸಿಕ್ಕಿಬೀಳುತ್ತವೆ. ಸೀನಿದರೆ, ಕೆಮ್ಮಿದರೆ ಆಚೆ ಬರುತ್ತವೆ. 4 ಮೈಕ್ರಾನ್ ಆಸುಪಾಸಿನವು ಮತ್ತು ಇನ್ನೂ ಚಿಕ್ಕವು ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೆ ಹೋಗುತ್ತವೆ. ಅಲ್ಲಿ ಕಸ ತೆಗೆಯುವ ಕೆಲಸ ಮಾಡುವ ಜೀವಕೋಶಗಳು ಈ ಹರಳನ್ನು ನುಂಗುತ್ತವೆ. ಆದರೆ ಅರಗಿಸಿಕೊಳ್ಳಲಾರದೆ ತಾವೇ ಸಾಯುತ್ತವೆ. ಹರಳು ಮತ್ತೆ ಹೊರಬೀಳುತ್ತದೆ, ಇನ್ನೊಂದು ಕೋಶ ಬಂದು ನುಂಗುತ್ತದೆ. ಹೀಗೆ ಆಗುತ್ತಾ ಆಗುತ್ತಾ ಆ ಜಾಗ ಬಾತುಕೊಂಡು, ಹಳೆ ಗಾಯದ ಕಲೆಯ ಹಾಗೆ ಗಟ್ಟಿಯಾಗುತ್ತದೆ. ಇದು ಸಿಲಿಕೋಸಿಸ್. ಗಟ್ಟಿಯಾದ ಜಾಗವನ್ನು ಮತ್ತೆ ಮೆತ್ತಗೆ ಮಾಡುವ ಔಷಧ ಇಲ್ಲ. ಧೂಳಿನಿಂದ ದೂರವಾದ ಮೇಲೂ ಕಾಯಿಲೆ ಮುಂದುವರಿಯಬಹುದು. ಕ್ಷಯ ತಗಲುವ ಸಾಧ್ಯತೆಯೂ ಹೆಚ್ಚುತ್ತದೆ. ಉಸಿರಾಟದ ಜೊತೆ ಒಳಹೋಗುವ ಹರಳು ಸಿಲಿಕಾ ಕ್ಯಾನ್ಸರ್ ತರುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಹೇಳಿದೆ.

ಇದು ಹೊಸ ಕಾಯಿಲೆಯೇನಲ್ಲ. ಹದಿನೆಂಟನೇ ಶತಮಾನದ ಇಂಗ್ಲೆಂಡ್‌ನಲ್ಲಿ ಮಣ್ಣನ್ನು ಬೆಳ್ಳಗೆ ಮಾಡಲು ಫ್ಲಿಂಟ್ ಕಲ್ಲನ್ನು ಸುಟ್ಟು, ಒಣದಾಗಿಯೇ ಕುಟ್ಟಿ ಪುಡಿ ಮಾಡುತ್ತಿದ್ದರು. ಆ ಕೆಲಸ ಮಾಡಿದವರು ಬೇಗ ಸಾಯುತ್ತಿದ್ದರು. 1726ರಲ್ಲಿ ಥಾಮಸ್ ಬೆನ್ಸನ್ ಎಂಬಾತ ಕಲ್ಲನ್ನು ನೀರಿನಲ್ಲಿ ಅರೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಮುನ್ನೂರು ವರ್ಷದ ಹಿಂದೆ ಅವರು ಕಂಡುಕೊಂಡ ಉಪಾಯ ನೀರು. ಇವತ್ತೂ ಅದಕ್ಕಿಂತ ಒಳ್ಳೆಯ ಉಪಾಯ ನಮ್ಮ ಹತ್ತಿರ ಇಲ್ಲ.

ಈಗ ಎಷ್ಟು ಧೂಳು ಜಾಸ್ತಿ ಅನ್ನುವ ಲೆಕ್ಕ. ಅಮೆರಿಕದಲ್ಲಿ 2016ರಲ್ಲಿ ಬಂದ ನಿಯಮದ ಪ್ರಕಾರ, ಎಂಟು ಗಂಟೆ ಕೆಲಸ ಮಾಡುವವರು ಉಸಿರಾಡುವ ಗಾಳಿಯಲ್ಲಿ ಇಂಥ ಅತಿ ಸಣ್ಣ ಕಣಗಳ ಸಿಲಿಕಾ ಸರಾಸರಿ ಒಂದು ಘನ ಮೀಟರ್‌ಗೆ 50 ಮೈಕ್ರೋಗ್ರಾಂ ದಾಟಬಾರದು. ಮೂರು ಮೀಟರ್ ಉದ್ದ, ಅಗಲ, ಎತ್ತರ ಇರುವ ಕೋಣೆಯಲ್ಲಿ 27 ಘನ ಮೀಟರ್ ಗಾಳಿ ಇರುತ್ತದೆ. ಗುಣಿಸಿದರೆ 1.35 ಮಿಲಿಗ್ರಾಂ. ಅಂದರೆ ಇಪ್ಪತ್ತು ಚಿಲ್ಲರೆ ಪುಡಿಉಪ್ಪಿನ ಹರಳುಗಳ ತೂಕ, ಅಷ್ಟೇ. ಅಷ್ಟು ಸಿಲಿಕಾ ಇಡೀ ಕೋಣೆಯ ಗಾಳಿಯಲ್ಲಿ ಹರಡಿದರೆ ಮಿತಿ ಮುಟ್ಟಿದಂತೆ. ಒಂದು ಚಮಚ ಸಿಲಿಕಾ ಪುಡಿ ನೆಲಕ್ಕೆ ಚೆಲ್ಲಿದರೆ ಅದರಲ್ಲಿ ಎಷ್ಟು ಸಾವಿರ ಮಿಲಿಗ್ರಾಂ ಇದೆ, ಯೋಚಿಸಿ.

ಇನ್ನೊಂದು ಲೆಕ್ಕ, ಇದು ನಿಮ್ಮ ಬಿಳಿ ಪುಡಿಗೆ ಸಂಬಂಧಿಸಿದ್ದು. ಗಾಳಿ ಅಲ್ಲಾಡದ ಕೋಣೆಯಲ್ಲಿ 10 ಮೈಕ್ರಾನ್‌ನ ಬೆಣಚು ಕಣ ಮುಖದ ಎತ್ತರದಿಂದ ನೆಲಕ್ಕೆ ಇಳಿಯಲು ಮೂರು ನಿಮಿಷ ಸಾಕು. 1 ಮೈಕ್ರಾನ್‌ನದ್ದಕ್ಕೆ ಐದು ಗಂಟೆ ಬೇಕು. ಫ್ಯಾನ್ ತಿರುಗುತ್ತಿದ್ದರೆ, ಯಾರಾದರೂ ಓಡಾಡುತ್ತಿದ್ದರೆ ಇನ್ನೂ ಜಾಸ್ತಿ. ಗುಡಿಸಿ ಅರ್ಧ ಗಂಟೆ ಆದ ಮೇಲೆ ಗಾಳಿ ತಿಳಿಯಾಗಿ ಕಾಣುತ್ತದೆ ಅಲ್ವಾ? ಕಣ್ಣಿಗೆ ಕಾಣುವ ಧೂಳು ಇಳಿದಿದೆ, ಅಷ್ಟೇ. ಶ್ವಾಸಕೋಶದ ಆಳಕ್ಕೆ ಹೋಗುವಂಥದ್ದು ಇನ್ನೂ ತೇಲುತ್ತಿದೆ.

ಇದನ್ನು ಓದಿ ಎದೆ ಝಲ್ಲೆನ್ನಬಹುದು. ಸಮಾಧಾನದ ಮಾತೂ ಇದೆ. ಈ ಕಾಯಿಲೆ ಬರುವುದು ಒಳಗೆ ಹೋದ ಒಟ್ಟು ಧೂಳಿನ ಮೇಲೆ. ಸಾಮಾನ್ಯವಾಗಿ ಹತ್ತು ವರ್ಷ, ಅದಕ್ಕೂ ಜಾಸ್ತಿ ಕಾಲ ಧೂಳಿನಲ್ಲಿ ಕೆಲಸ ಮಾಡಿದವರಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಕೆಲವೇ ವರ್ಷದಲ್ಲಿ ಬರುವುದೂ ಉಂಟು. ಅದು ಕಲ್ಲು ಕೊರೆಯುವ, ಮರಳು ಊದುವಂಥ ವಿಪರೀತ ಧೂಳಿನ ಕೆಲಸಗಳಲ್ಲಿ. ಎರಡು ವರ್ಷ ಮನೆಯಲ್ಲಿ ಮಾಡಿದ ಕೆಲಸಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡಿ. ಆದರೆ ಇದೇ ರೀತಿ ಇಪ್ಪತ್ತು ವರ್ಷ ಮಾಡಬೇಡಿ.

ದಿನದ ಕೆಲಸ ಮುಗಿಸುವ ಕ್ರಮದಿಂದ ಬದಲಾವಣೆ ಶುರು ಮಾಡಿ. ಪೊರಕೆಯನ್ನು ಆ ಕೋಣೆಯಿಂದ ಆಚೆ ಹಾಕಿ. ವೀಲ್ ಮೇಲಿನ ಕೆಸರು, ಮೇಜಿನ ಮೇಲಿನ ಚೂರು, ನೆಲಕ್ಕೆ ಸಿಡಿದದ್ದು ಎಲ್ಲವನ್ನೂ ಇನ್ನೂ ಒದ್ದೆ ಇರುವಾಗಲೇ ದೊಡ್ಡ ಸ್ಪಂಜಿನಿಂದ ಎತ್ತಿ. ಎರಡು ಬಕೆಟ್ ಇಟ್ಟುಕೊಳ್ಳಿ. ಒಂದರಲ್ಲಿ ಕೊಳೆ ಹಿಂಡಿ, ಇನ್ನೊಂದರ ಚೊಕ್ಕ ನೀರಲ್ಲಿ ಅದ್ದಿ. ಒಂದೇ ಬಕೆಟ್‌ನಲ್ಲಿ ಮಾಡಿದರೆ ಕೆಸರು ನೀರನ್ನೇ ನೆಲಕ್ಕೆ ತೆಳ್ಳಗೆ ಬಳಿದಂತಾಗುತ್ತದೆ. ಅದು ಒಣಗಿ ನಾಳೆ ಮತ್ತೆ ಧೂಳಾಗುತ್ತದೆ. ಮಾಪ್‌ಗೂ ಇದೇ ಮಾತು. ಒರೆಸಿದ ನೆಲ ಒಣಗಿದಾಗ ಬಿಳಿ ಗೆರೆ ಕಂಡರೆ ನೀರು ಬದಲಿಸಿ ಇನ್ನೊಮ್ಮೆ ಒರೆಸಿ. ನೀರು ಸುರಿದು ತೊಳೆಯಬಹುದಾದ ನೆಲವಾದರೆ ಇನ್ನೂ ಒಳ್ಳೆಯದು. ವೈಪರ್‌ನಲ್ಲಿ ನಿಧಾನವಾಗಿ ತಳ್ಳಿದರೆ ಆಯಿತು. ಮಣ್ಣು ನೀರನ್ನು ಮಾತ್ರ ಸೀದಾ ಚರಂಡಿಗೆ ಬಿಡಬೇಡಿ. ಒಂದು ರಾತ್ರಿ ಬಕೆಟ್‌ನಲ್ಲೇ ಬಿಡಿ, ಮೇಲಿನ ತಿಳಿಯನ್ನು ಚೆಲ್ಲಿ, ತಳದ ಮಣ್ಣನ್ನು ಉಳಿಸಿಕೊಳ್ಳಿ.

ಒಣಗಿದ ಚೂರು ನೆಲದಲ್ಲಿ ಕಂಡರೆ ಮೊದಲು ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು ಎತ್ತಿ. ಕಾಲಿನಡಿ ಸಿಕ್ಕ ಒಣ ಚೂರು ಅರೆದ ಪುಡಿಯಂತಾಗುತ್ತದೆ, ಚಪ್ಪಲಿಗೆ ಅಂಟಿ ಇಡೀ ಮನೆ ಸುತ್ತುತ್ತದೆ. ಆ ಕೋಣೆಗೇ ಅಂತ ಒಂದು ಜೊತೆ ಚಪ್ಪಲಿ ಇಟ್ಟುಕೊಳ್ಳಿ. ಬಾಗಿಲ ಬಳಿ ಒಂದು ಒದ್ದೆ ಕಾಲೊರೆಸು ಹಾಕಿ. ಕೋಣೆಯಲ್ಲಿ ಕಾರ್ಪೆಟ್ ಇದ್ದರೆ ತೆಗೆದುಬಿಡಿ, ಅದನ್ನು ಚೊಕ್ಕ ಮಾಡಲು ಆಗುವುದೇ ಇಲ್ಲ.

ಮಣ್ಣು ನಾದುವ ಹಲಗೆಗೆ ಕ್ಯಾನ್ವಾಸ್ ಬಟ್ಟೆ ಹೊದಿಸಿದ್ದೀರಾ? ಬಹಳಷ್ಟು ಜನ ಹೊದಿಸಿರುತ್ತಾರೆ. ಅದು ಧೂಳಿನ ಗಣಿ. ನೇಯ್ಗೆಯೊಳಗೆ ಸೇರಿದ ಮಣ್ಣು ಒಣಗುತ್ತದೆ, ಮುಂದಿನ ಸಲ ಅದರ ಮೇಲೆ ಮುದ್ದೆ ಕುಕ್ಕಿದಾಗಲೆಲ್ಲಾ ಮುಖದ ಮುಂದೆಯೇ ಒಂದು ಮೋಡ ಏಳುತ್ತದೆ. ಒರೆಸಬಹುದಾದ ನುಣುಪು ಹಲಗೆಗೆ ಬದಲಾಯಿಸಿ. ಮಣ್ಣು ಅಂಟುತ್ತದೆ ಅನ್ನುವ ತೊಂದರೆ ಇದ್ದರೆ ಪ್ಲಾಸ್ಟರ್ ಹಲಗೆ ಬಳಸಿ, ಕೆಲಸ ಆದ ತಕ್ಷಣ ಒದ್ದೆ ಸ್ಪಂಜಿನಿಂದ ಒರೆಸಿ. ಏಪ್ರನ್ ಕೂಡ ಹೀಗೆಯೇ. ದಪ್ಪ ಹತ್ತಿ ಬಟ್ಟೆ ಮಣ್ಣು ಕುಡಿದು ಒಣಗಿ ಉದುರಿಸುತ್ತದೆ. ನೈಲಾನ್, ಪಾಲಿಯೆಸ್ಟರ್‌ನಂಥ ನುಣುಪು ಬಟ್ಟೆಯದ್ದು ಒರೆಸಿದರೆ ಚೊಕ್ಕ. ಅದನ್ನು ಕೊಡವಲೇಬಾರದು. ಕೋಣೆಯಲ್ಲೇ ಬಿಚ್ಚಿಟ್ಟು ಬನ್ನಿ, ಮನೆಯವರ ಬಟ್ಟೆಯ ಜೊತೆ ಒಗೆಯಬೇಡಿ. ಅಮ್ಮ ಕೆಲಸ ಮುಗಿಸಿ ಬಂದಳು ಅಂತ ಮಗ ಓಡಿ ಬಂದು ತಬ್ಬಿಕೊಳ್ಳುವುದು, ಅಪ್ಪನ ತೊಡೆ ಹತ್ತುವುದು ಎಲ್ಲಾ ಮನೆಯಲ್ಲೂ ಇದ್ದದ್ದೇ. ಅವನ ಮೂಗು ಸೀದಾ ಏಪ್ರನ್‌ಗೇ ತಾಗುತ್ತದೆ.

ಗ್ಲೇಜ್ ಕಲಸುವುದು ಇಡೀ ಕೆಲಸದಲ್ಲಿ ಅತಿ ಅಪಾಯದ ಹೊತ್ತು. ಇಲ್ಲಿ ಮಣ್ಣಿನಂತೆ ಒದ್ದೆಯಿಂದ ಶುರುವಾಗುವುದಿಲ್ಲ, ಶುರುವೇ ಒಣ ಪುಡಿಯಿಂದ. ಅದೂ ಕಾರ್ಖಾನೆಯಲ್ಲಿ ಅರೆದು ನುಣ್ಣಗೆ ಮಾಡಿದ ಪುಡಿ. ಅಪಾಯ ಸಿಲಿಕಾ ಒಂದರಿಂದಲೇ ಅಲ್ಲ, ಗ್ಲೇಜ್‌ಗೆ ಹಾಕುವ ಬೇರೆ ಪುಡಿಗಳಿಂದಲೂ ಇದೆ. ಮ್ಯಾಂಗನೀಸ್ ಡೈಆಕ್ಸೈಡ್ ಧೂಳು ವರ್ಷಗಟ್ಟಲೆ ಒಳಗೆ ಹೋದರೆ ನರಗಳಿಗೆ ಪೆಟ್ಟು ಬಿದ್ದು ಪಾರ್ಕಿನ್ಸನ್ ಕಾಯಿಲೆಯಂಥ ನಡುಕ, ಬಿಗಿತ ಬರಬಹುದು. ನಿಕಲ್ ಸಂಯುಕ್ತಗಳು ಕ್ಯಾನ್ಸರ್‌ಕಾರಕ. ಬೇರಿಯಂ ಕಾರ್ಬೊನೇಟ್ ವಿಷ. ಸೀಸ ಇರುವ ಯಾವ ಪುಡಿಯೂ ಮಕ್ಕಳಿರುವ ಮನೆಯೊಳಗೆ ಬರಲೇಬಾರದು, ಈ ವಿಷಯದಲ್ಲಿ ನನಗೆ ಎರಡನೇ ಮಾತಿಲ್ಲ. ಒಂದು ಪುಡಿಯ ಬಗ್ಗೆ ಪೂರ್ತಿ ಗೊತ್ತಿಲ್ಲದಿದ್ದರೆ ಮಾರಿದವರ ಹತ್ತಿರ ಸುರಕ್ಷತಾ ಮಾಹಿತಿ ಹಾಳೆ ಕೇಳಿ ಓದಿ, ಆಮೇಲೆ ಪೊಟ್ಟಣ ಬಿಚ್ಚಿ.

ನಿಜ ಹೇಳಬೇಕೆಂದರೆ, ಮನೆಯಲ್ಲಿ ಮಗು ಇರುವವರಿಗೆ ನಾನು ಹೇಳುವುದು ಸಿದ್ಧ ದ್ರವ ಗ್ಲೇಜ್ ತೆಗೆದುಕೊಳ್ಳಿ ಅಂತಲೇ. ಒಣ ಪುಡಿ ಮನೆಗೆ ಬರದಿದ್ದರೆ ಅರ್ಧ ಚಿಂತೆ ಇಲ್ಲ. ಮಣ್ಣನ್ನೂ ಹಾಗೆಯೇ ನಾದಿ ಹದ ಮಾಡಿದ್ದನ್ನೇ ತನ್ನಿ, ಚೀಲದ ಒಣಪುಡಿ ತಂದು ಕಲಸಬೇಡಿ. ಆದರೆ ಗ್ಲೇಜ್ ಕಲಸುವುದರಲ್ಲಿ ಒಂದು ಸುಖ ಇದೆ, ನನಗೂ ಗೊತ್ತು. ಬಿಡಲು ಮನಸ್ಸಿಲ್ಲದಿದ್ದರೆ ಹೀಗೆ ಮಾಡಿ. ತಿಂಗಳಿಗೊಮ್ಮೆ ಒಂದೇ ಸಲ ಕೂತು ಎಲ್ಲಾ ಕಲಸಿಬಿಡಿ. ಅವತ್ತು ಮಗು ಮನೆಯ ಇನ್ನೊಂದು ತುದಿಯಲ್ಲಿರಲಿ, ಬಾಗಿಲು ಹಾಕಿರಲಿ, ಫ್ಯಾನ್ ಆಫ್ ಆಗಿರಲಿ. ತೂಕ ಮಾಡುವ ಮೇಜಿನ ಮೇಲೆ ಒಂದು ಒದ್ದೆ ಬಟ್ಟೆ ಹಾಸಿ, ಚೆಲ್ಲಿದ್ದು ಅಲ್ಲೇ ಅಂಟಿಕೊಳ್ಳುತ್ತದೆ. ಬಕೆಟ್‌ಗೆ ಮೊದಲು ನೀರು ಹಾಕಿ, ಆಮೇಲೆ ಪುಡಿ. ಪುಡಿಯ ಮೇಲೆ ನೀರು ಸುರಿದರೆ ಅದು ಬುಸ್ ಅಂತ ಮೇಲಕ್ಕೆ ಹಾರುತ್ತದೆ. ಚಮಚವನ್ನು ನೀರಿನ ಮಟ್ಟದ ಹತ್ತಿರ ತಂದು ಮೆಲ್ಲಗೆ ಜಾರಿಸಿ. ಮುಚ್ಚಳ ಹಾಕಿ ಬಿಡಿ, ತಾನಾಗಿ ನೆನೆಯಲಿ, ಆಮೇಲೆ ಕಲಕಿ. ಖಾಲಿ ಚೀಲವನ್ನು ಮಡಚಿ ಗಾಳಿ ಹಿಂಡುವ ಅಭ್ಯಾಸ ನಮಗೆಲ್ಲಾ ಇದೆ. ಅದರ ಬಾಯಿಂದ ಬರುವ ಗಾಳಿಯಲ್ಲಿ ಏನಿರುತ್ತದೆ ಹೇಳಿ? ಚೀಲದೊಳಕ್ಕೆ ನೀರು ಚಿಮುಕಿಸಿ ಆಮೇಲೆ ಮಡಚಿ. ಉಳಿದ ಪುಡಿಗಳು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿರಲಿ, ಕಾಗದದ ಚೀಲದಲ್ಲಿ ಬೇಡ. ಗ್ಲೇಜನ್ನು ಸ್ಪ್ರೇ ಮಾಡುವುದಂತೂ ಗಾಳಿಯನ್ನು ಹೊರಗೆ ಎಳೆದುಹಾಕುವ ಬೂತ್ ಇಲ್ಲದೆ ಮನೆಯೊಳಗೆ ಬೇಡವೇ ಬೇಡ. ಆ ಹನಿಗಳು ಗಾಳಿಯಲ್ಲೇ ಒಣಗಿ ಧೂಳಾಗುತ್ತವೆ.

ಉಜ್ಜುವ ಕೆಲಸಕ್ಕೂ ಇದೇ ನಿಯಮ. ಪೂರ್ತಿ ಒಣಗಿದ ಪಾತ್ರೆಯ ಅಂಚನ್ನು ಮರಳು ಕಾಗದದಲ್ಲಿ ಉಜ್ಜಬೇಡಿ. ಅರೆ ಒಣಗಿ, ಉಗುರು ಒತ್ತಿದರೆ ಗುರುತು ಬೀಳುವ ಹದದಲ್ಲಿ ಹೆರೆದು ಮುಗಿಸಿ. ತಪ್ಪಿಹೋಗಿ ಒಣಗಿದ್ದರೆ ಒದ್ದೆ ಸ್ಪಂಜಿನಿಂದ ಅಂಚು ತೀಡಿ. ಸುಟ್ಟ ಮೇಲೆ ಸಿಲಿಕಾ ಹೋಗಿಬಿಡುತ್ತದೆ ಅಂತ ಕೆಲವರು ತಿಳಿದಿರುತ್ತಾರೆ. ಇಲ್ಲ, ಹರಳು ಅಲ್ಲೇ ಇರುತ್ತದೆ. ಸುಟ್ಟ ಪಾತ್ರೆಯ ತಳ ನುಣುಪು ಮಾಡಬೇಕಿದ್ದರೆ ಡೈಮಂಡ್ ಪ್ಯಾಡ್ ತಂದು ನೀರೊಳಗೆ ಉಜ್ಜಿ. ಹೆರೆದ ಚೂರುಗಳನ್ನು ಮತ್ತೆ ಮಣ್ಣು ಮಾಡಿಕೊಳ್ಳಲು ಎತ್ತಿಡುತ್ತೀರಿ ಅಲ್ವಾ? ಪೂರ್ತಿ ಒಣಗಿದ ಚೂರು ನೀರಲ್ಲಿ ಬೇಗ ಕರಗುತ್ತದೆ, ಅರೆ ಒದ್ದೆಯದ್ದು ಬೇಗ ಕರಗದು. ಅದಕ್ಕೇ ಜನ ಒಣಗಿಸಿ ಸುತ್ತಿಗೆಯಲ್ಲಿ ಕುಟ್ಟುತ್ತಾರೆ. ಕುಟ್ಟಬೇಡಿ. ಚೂರುಗಳು ಬಕೆಟ್‌ನಲ್ಲೇ ಒಣಗಲಿ, ಅದನ್ನು ಯಾರೂ ಅಲ್ಲಾಡಿಸದೆ ಇರಲಿ, ಆಮೇಲೆ ಅಂಚಿನಿಂದ ಮೆಲ್ಲಗೆ ನೀರು ಬಿಡಿ.

ವ್ಯಾಕ್ಯೂಮ್ ಕ್ಲೀನರ್ ಬಗ್ಗೆ ನೀವು ಕೇಳಿಲ್ಲ, ಆದರೆ ಪೊರಕೆ ಬಿಡಿ ಅಂದ ತಕ್ಷಣ ಎಲ್ಲರೂ ಅದರ ಕಡೆ ಹೋಗುತ್ತಾರೆ. ಮನೆಯ ಸಾಮಾನ್ಯ ವ್ಯಾಕ್ಯೂಮ್ ದಪ್ಪ ಧೂಳನ್ನು ಹಿಡಿದು, ತೀರಾ ಸಣ್ಣ ಧೂಳನ್ನು ಹಿಂದಿನಿಂದ ಊದಿಬಿಡುತ್ತದೆ. ನೆಲದಲ್ಲಿದ್ದ ಸಿಲಿಕಾವನ್ನು ಮೂಗಿನ ಎತ್ತರಕ್ಕೆ ತಂದುಕೊಡುವ ಯಂತ್ರ ಅದು. ಕಿಲ್ನ್ ಒಳಗೆ, ಕಂಬಿಗಳ ಸಂದಿಯಲ್ಲಿ ನೀರು ಹಾಕಲಾಗದ ಜಾಗಕ್ಕೆ ವ್ಯಾಕ್ಯೂಮ್ ಬೇಕೇ ಬೇಕು ಅಂತಿದ್ದರೆ ನಿಜವಾದ ಹೆಪಾ ಫಿಲ್ಟರ್ ಇರುವ, ಎಲ್ಲೂ ಗಾಳಿ ಸೋರದ ಯಂತ್ರ ತೆಗೆದುಕೊಳ್ಳಿ. ಹೆಪಾ ಅಂದರೆ 0.3 ಮೈಕ್ರಾನ್ ಕಣಗಳಲ್ಲಿ 99.97 ಶೇಕಡಾ ಹಿಡಿಯುವಂಥದ್ದು. ‘ಹೆಪಾ ಮಾದರಿ’ ಅಂತ ಬರೆದಿದ್ದರೆ ಅದು ಹೆಪಾ ಅಲ್ಲ. ಅದರ ಚೀಲ ಬದಲಿಸುವುದೂ ಧೂಳಿನ ಕೆಲಸವೇ, ಮಾಸ್ಕ್ ಹಾಕಿ ಮಾಡಿ.

ಮಾಸ್ಕ್ ಅಂದಾಗ, ನಿಮ್ಮ ಬಟ್ಟೆಯ ಮಾಸ್ಕ್ ಈ ಧೂಳಿಗೆ ಲೆಕ್ಕಕ್ಕಿಲ್ಲ. ಶಸ್ತ್ರಚಿಕಿತ್ಸೆಯ ನೀಲಿ ಮಾಸ್ಕ್ ಕೂಡ ಅಂಚಿನಲ್ಲೆಲ್ಲಾ ಸೋರುತ್ತದೆ. ಕನಿಷ್ಠ ಎನ್‌95 ಬೇಕು. ಗ್ಲೇಜ್ ಕಲಸುವ ದಿನಕ್ಕೆ ರಬ್ಬರಿನ ಅರ್ಧಮುಖದ ಮಾಸ್ಕ್‌ಗೆ ಎನ್‌95ಗಿಂತ ಹೆಚ್ಚು ಧೂಳು ತಡೆಯುವ ಪಿ100 ಫಿಲ್ಟರ್ ಹಾಕಿದ್ದು ಒಳ್ಳೆಯದು. ಹಾಕಿಕೊಂಡ ಮೇಲೆ ಫಿಲ್ಟರ್‌ಗಳನ್ನು ಅಂಗೈಯಲ್ಲಿ ಮುಚ್ಚಿ ಉಸಿರೆಳೆಯಿರಿ. ಮಾಸ್ಕ್ ಮುಖಕ್ಕೆ ಒತ್ತಿಕೊಂಡರೆ ಸರಿಯಾಗಿ ಕೂತಿದೆ. ಗಡ್ಡ ಇದ್ದರೆ ಕೂರುವುದಿಲ್ಲ. ಮತ್ತೆ, ಧೂಳು ಏಳಿಸಿದ ಮೇಲೆ ಹತ್ತು ನಿಮಿಷಕ್ಕೇ ಅದನ್ನು ತೆಗೆಯಬೇಡಿ. ಐದು ಗಂಟೆಯ ಲೆಕ್ಕ ನೆನಪಿದೆಯಲ್ಲ. ಮಾಸ್ಕ್ ನಿಮ್ಮೊಬ್ಬರನ್ನು ಕಾಯುತ್ತದೆ, ಮನೆಯ ಉಳಿದವರನ್ನು ಕಾಯುವುದಿಲ್ಲ. ಹಾಗಾಗಿ ಅದು ಕೊನೆಯ ಬೇಲಿ, ಮೊದಲನೆಯದಲ್ಲ.

ಇನ್ನು ನಿಮ್ಮ ಪ್ಯೂರಿಫೈಯರ್. ಅದರಲ್ಲಿ ಹೆಪಾ ಫಿಲ್ಟರ್ ಇದ್ದರೆ ಇಟ್ಟುಕೊಳ್ಳಿ, ತೇಲುತ್ತಿರುವುದನ್ನು ಸ್ವಲ್ಪ ಸ್ವಲ್ಪವಾಗಿ ಹಿಡಿಯುತ್ತದೆ. ಆದರೆ ನಿಮ್ಮ ಮುಖದಿಂದ ಒಂದು ಅಡಿ ದೂರದಲ್ಲಿ ಎದ್ದ ಧೂಳು ಮೊದಲು ನಿಮ್ಮ ಮೂಗಿಗೆ ಬರುತ್ತದೆ, ಆಮೇಲೆ ಅದರ ಹತ್ತಿರ ಹೋಗುತ್ತದೆ. ನೆಲಕ್ಕೆ ಗಾಳಿ ಬಡಿಯುವಂತೆ ಇಟ್ಟರೆ ಕೂತ ಧೂಳನ್ನೂ ಎಬ್ಬಿಸುತ್ತದೆ. ಕಿಟಕಿಗೆ ಎಕ್ಸಾಸ್ಟ್ ಫ್ಯಾನ್ ಇದ್ದರೆ ಇದಕ್ಕಿಂತ ಉಪಯೋಗ. ಅದನ್ನು ಬಳಸುವಾಗ ಕೆಲಸದ ಮೇಜು ಫ್ಯಾನ್ ಮತ್ತು ನಿಮ್ಮ ನಡುವೆ ಇರಬೇಕು, ಆಗ ಧೂಳು ನಿಮ್ಮಿಂದ ಆಚೆಗೆ ಹೋಗುತ್ತದೆ. ನೀವು ನಡುವೆ ಕೂತರೆ ಅದು ನಿಮ್ಮ ಮುಖ ಹಾದೇ ಹೋಗುತ್ತದೆ.

ಕಿಲ್ನ್ ಒಳಗೆ ಬಿಳಿ ಹತ್ತಿಯಂಥ ಸೆರಾಮಿಕ್ ಫೈಬರ್ ಇದ್ದರೆ ಒಂದು ಎಚ್ಚರ. ಹೆಚ್ಚು ಶಾಖಕ್ಕೆ ಮತ್ತೆ ಮತ್ತೆ ಸಿಕ್ಕಾಗ ಅದರಲ್ಲಿ ಕ್ರಿಸ್ಟೊಬಲೈಟ್ ಹುಟ್ಟುತ್ತದೆ. ಅದೂ ಹರಳು ಸಿಲಿಕಾದ ಇನ್ನೊಂದು ರೂಪ. ಹಳೆಯ ಫೈಬರನ್ನು ಮುಟ್ಟಬೇಡಿ, ಉಜ್ಜಬೇಡಿ. ಅದು ಪುಡಿಯಾಗಿ ಉದುರುತ್ತಿದ್ದರೆ ಬದಲಿಸುವ ಕೆಲಸ ತಿಳಿದವರಿಗೆ ಬಿಡಿ.

ಮಗನ ವಿಷಯ. ನಾನು ಮೇಲೆ ಹೇಳಿದ 50 ಮೈಕ್ರೋಗ್ರಾಂ ಮಿತಿ ಬೆಳೆದ, ದಿನಕ್ಕೆ ಎಂಟು ಗಂಟೆ ದುಡಿಯುವ ಜನರಿಗೆ ಮಾಡಿದ್ದು. ನಾಲ್ಕು ವರ್ಷದ ಮಗುವಿಗೆ ಅದನ್ನು ಅಳತೆಗೋಲು ಮಾಡಬೇಡಿ. ಅವನು ನೆಲದಲ್ಲೇ ಕೂರುತ್ತಾನೆ, ಕೈ ಬಾಯಿಗೆ ಹೋಗುತ್ತದೆ. ಅವನ ಅಳತೆಯ ಎನ್‌95 ಸಿಗುವುದೂ ಕಷ್ಟ. ಮಣ್ಣಿನಿಂದ ಅವನನ್ನು ದೂರ ಇಡಿ ಅಂತ ನಾನು ಹೇಳುತ್ತಿಲ್ಲ. ಒದ್ದೆ ಮಣ್ಣಿನ ಮುದ್ದೆ ಕೊಟ್ಟು ಬೇರೆ ಕಡೆ, ಒರೆಸಬಹುದಾದ ಮೇಜಿನ ಮುಂದೆ ಕೂರಿಸಿ. ಆ ಸುಖ ಅವನಿಗೂ ಸಿಗಲಿ. ಆದರೆ ಕೋಣೆಯೊಳಗೆ ಬೇಡ, ಕನಿಷ್ಠ ಈಗ ಇರುವ ಧೂಳು ಹೋಗುವವರೆಗೆ.

ಮುಂದಿನ ಸಲ ವೈದ್ಯರ ಹತ್ತಿರ ಹೋದಾಗ ಯಾವ ಕೆಲಸಕ್ಕೇ ಹೋಗಿರಲಿ, ನಾನು ಮಣ್ಣಿನ ಕೆಲಸ ಮಾಡುತ್ತೇನೆ, ಸಿಲಿಕಾ ಧೂಳು ಇರುತ್ತದೆ ಅಂತ ಬಾಯಿಬಿಟ್ಟು ಹೇಳಿ. ಶುರುವಿನಲ್ಲಿ ಈ ಕಾಯಿಲೆ ಏನೂ ಗೊತ್ತಾಗುವುದಿಲ್ಲ. ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು ಬರುವ ಹೊತ್ತಿಗೆ ತಡವಾಗಿರುತ್ತದೆ. ಎದೆಯ ಎಕ್ಸ್‌ರೇ, ಊದಿಸಿ ನೋಡುವ ಉಸಿರಾಟದ ಪರೀಕ್ಷೆ ಬೇಕೋ ಬೇಡವೋ ಅವರು ಹೇಳುತ್ತಾರೆ. ಸಿಗರೇಟು ಸೇದುವವರಾದರೆ ಬಿಡಲು ಇದಕ್ಕಿಂತ ದೊಡ್ಡ ಕಾರಣ ಬೇಡ.

ಇವತ್ತು ರಾತ್ರಿ ಒಂದು ಪರೀಕ್ಷೆ ಮಾಡಿ ನೋಡಿ. ಕೋಣೆಯ ದೀಪ ಆರಿಸಿ, ಒಂದು ಜೋರು ಬೆಳಕಿನ ಟಾರ್ಚನ್ನು ಮೇಜಿನ ಅಂಚಿನಲ್ಲಿ ಅಡ್ಡಕ್ಕೆ ಇಡಿ. ಬೆಳಕಿನ ಕೋಲಿನ ಪಕ್ಕದಲ್ಲಿ, ಟಾರ್ಚ್ ಕಡೆಗೆ ಓರೆಯಾಗಿ ನೋಡುತ್ತಾ ನಿಲ್ಲಿ. ಬೆಳಕು ಸೀದಾ ಕಣ್ಣಿಗೆ ಬೀಳಬಾರದು. ಆಮೇಲೆ ಏಪ್ರನ್ ಅನ್ನು ಒಮ್ಮೆ ಮೆಲ್ಲಗೆ ತಟ್ಟಿ. ಮಾಸ್ಕ್ ಹಾಕಿಕೊಂಡೇ ಮಾಡಿ. ನಾನು ಮೊದಲ ಸಲ ಇದನ್ನು ನೋಡಿದ ದಿನವೇ ಪೊರಕೆ ಎಸೆದೆ. ಓದಿ ತಿಳಿದಿದ್ದು ಒಂದು, ಆ ಬೆಳಕಿನಲ್ಲಿ ಹೊಗೆಯಂತೆ ಸುತ್ತುತ್ತಾ ಮುಖದ ಕಡೆ ಬರುವುದನ್ನು ನೋಡುವುದೇ ಬೇರೆ.

ಎರಡು ವರ್ಷದಿಂದ ಕೂತಿರುವ ಧೂಳನ್ನು ಈ ವಾರವೇ ತೆಗೆಯಿರಿ. ಮಗನನ್ನು ಒಂದು ದಿನ ಬೇರೆಲ್ಲಾದರೂ ಬಿಡಿ. ಎನ್‌95 ಅಥವಾ ಅದಕ್ಕಿಂತ ಒಳ್ಳೆಯ ಮಾಸ್ಕ್ ಹಾಕಿ. ಮೇಲಿನಿಂದ ಶುರು ಮಾಡಿ: ಕಪಾಟಿನ ತಲೆ, ಕಿಟಕಿಯ ಅಂಚು, ನಿಲ್ಲಿಸಿದ ಫ್ಯಾನಿನ ರೆಕ್ಕೆ, ಆಮೇಲೆ ಷೆಲ್ಫ್, ಮೇಜು, ಕೊನೆಗೆ ನೆಲ. ಸ್ವಿಚ್, ಪ್ಲಗ್, ಕಿಲ್ನ್ ಹತ್ತಿರ ಮೊದಲು ಕರೆಂಟ್ ತೆಗೆದು, ಬಟ್ಟೆಯನ್ನು ಚೆನ್ನಾಗಿ ಹಿಂಡಿ ಒರೆಸಿ. ಬೇರೆ ಕಡೆ ಬಟ್ಟೆ ಧಾರಾಳವಾಗಿ ಒದ್ದೆ ಇರಲಿ, ಮತ್ತೆ ಮತ್ತೆ ನೀರು ಬದಲಿಸಿ. ಉಪಯೋಗಿಸದ ಸಾಮಾನು, ರಟ್ಟಿನ ಪೆಟ್ಟಿಗೆ, ಹಳೆ ಬಟ್ಟೆ ಎಲ್ಲಾ ಕೋಣೆಯಿಂದ ಹೋಗಲಿ, ಧೂಳು ಕೂರುವ ಜಾಗ ಕಡಿಮೆಯಾಗುತ್ತದೆ. ಮುಗಿದ ಮೇಲೆ ಬಾಗಿಲು ಹಾಕಿ ಬಂದುಬಿಡಿ, ರಾತ್ರಿ ಯಾರೂ ಹೋಗಬೇಡಿ. ಬೆಳಿಗ್ಗೆ ಎದ್ದು, ಫ್ಯಾನ್ ಹಾಕುವ ಮೊದಲು, ಎಲ್ಲವನ್ನೂ ಇನ್ನೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ. ರಾತ್ರಿ ಇಳಿದದ್ದು ಆ ಬಟ್ಟೆಗೆ ಬರುತ್ತದೆ.